ಭಾರ ಜಾಸ್ತಿ ಹಾಕಿಲ್ಲ, ಆದರೂ ಮುರಿಯಿತು ಯಾಕೆ?

ಪ್ರಶ್ನೆ: ಮಂಡ್ಯ ಕಡೆ ನಮ್ಮದೊಂದು ಆಲೆಮನೆ ಇದೆ. ಮೋಟಾರಿನಿಂದ ಗಾಣಕ್ಕೆ ಬೆಲ್ಟ್ ಬರುವ ಪುಲ್ಲಿ ಶಾಫ್ಟ್ ಒಂದೇ ಸೀಸನ್‌ನಲ್ಲಿ ಎರಡು ಸಲ ಮುರಿಯಿತು. ಎರಡೂ ಸಲ ಒಂದೇ ಜಾಗ: ಬೇರಿಂಗ್ ಪಕ್ಕದಲ್ಲಿ 50 ಎಂಎಂ ಶಾಫ್ಟನ್ನು 40 ಎಂಎಂಗೆ ಇಳಿಸಿರುವ ಸ್ಟೆಪ್. ನಿಮಿಷಕ್ಕೆ ಸುಮಾರು 250 ಸುತ್ತು ತಿರುಗುತ್ತದೆ. ಕಬ್ಬು ಜಾಸ್ತಿ ತುರುಕಿರಲಿಲ್ಲ. ಮೊದಲ ಸಲ ಮುರಿದಾಗ ವೆಲ್ಡಿಂಗ್ ಮಾಡಿಸಿ, ಲೇತ್‌ಗೆ ಹಾಕಿಸಿ ಕೂರಿಸಿದೆವು. ಅದು ಮೂರೇ ವಾರ ಬಂತು. ಲೇತ್‌ನವರು ಮೆಟೀರಿಯಲ್ ಸರಿ ಇಲ್ಲ, ಇನ್ನೂ ಗಟ್ಟಿ ಉಕ್ಕು ಹಾಕಿ ಅನ್ನುತ್ತಾರೆ. ಮೊದಲ ಸಲ ಮುರಿದ ತುಂಡಿನ ಫೋಟೊ ಕಳಿಸಿದ್ದೇನೆ. ಏನು ಮಾಡಲಿ ಸರ್?

ಮೊದಲು ಒಂದು ಮಾತು. ಆ ತುಂಡನ್ನು ಗುಜರಿಗೆ ಹಾಕದೆ ಇಟ್ಟುಕೊಂಡು ಫೋಟೊ ತೆಗೆದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಮುರಿದ ಮುಖದಲ್ಲಿ ಎಲ್ಲ ಬರೆದಿರುತ್ತದೆ. ಜನ ಅದನ್ನು ಕಲ್ಲಿಗೆ ಉಜ್ಜಿಯೋ, ಎರಡು ತುಂಡನ್ನೂ ಜೋಡಿಸಿ ನೋಡಲು ಹೋಗಿಯೋ ಅಳಿಸಿಬಿಡುತ್ತಾರೆ.

ನಿಮ್ಮ ಫೋಟೊದಲ್ಲಿ ಮುಖದ ಮುಕ್ಕಾಲು ಭಾಗ ನಯವಾಗಿದೆ. ಅದರ ಮೇಲೆ ಕಮಾನಿನಂಥ ಮಸುಕು ಗೆರೆಗಳಿವೆ. ಉಳಿದ ಕಾಲು ಭಾಗ ಮಾತ್ರ ತರಿತರಿಯಾಗಿ, ಹೊಳೆಯುತ್ತಾ ಇದೆ. ಇದು ಒಂದೇ ಏಟಿಗೆ ಮುರಿದ ಶಾಫ್ಟ್ ಅಲ್ಲ. ಸಣ್ಣ ಬಿರುಕು ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತಾ ಇತ್ತು. ಇದಕ್ಕೆ ಲೋಹದ ದಣಿವು (ಫಟೀಗ್) ಅನ್ನುತ್ತಾರೆ. ಗಾಣ ನಿಲ್ಲಿಸಿದಾಗ, ಭಾರ ಹೆಚ್ಚುಕಡಿಮೆಯಾದಾಗ ಒಂದೊಂದು ಗೆರೆ ಉಳಿಯಿತು. ಕೊನೆಗೆ ಉಳಿದ ಕಾಲು ಭಾಗಕ್ಕೆ ಭಾರ ಹೊರಲು ಆಗದೆ ಪಟ್ಟನೆ ಹೋಯಿತು. ತರಿ ಭಾಗ ಇಷ್ಟು ಚಿಕ್ಕದು ಅಂದರೆ ಮುರಿದ ಹೊತ್ತಿನಲ್ಲಿ ಶಾಫ್ಟ್ ಮೇಲೆ ದೊಡ್ಡ ಭಾರವೇ ಇರಲಿಲ್ಲ. ಕಬ್ಬು ತುರುಕಿಲ್ಲ ಎಂಬ ನಿಮ್ಮ ಮಾತು ನಿಜ.

ಮೆಟೀರಿಯಲ್ ವಿಷಯಕ್ಕೆ ಬರೋಣ. ಫೋಟೊ ದೊಡ್ಡದು ಮಾಡಿ ಅಂಚು ನೋಡಿ. ಸುತ್ತಲೂ ಸಣ್ಣ ಸಣ್ಣ ಮೆಟ್ಟಿಲುಗಳಿವೆ. ಬಿರುಕು ಒಂದೇ ಕಡೆಯಿಂದಲ್ಲ, ಸುತ್ತ ಹಲವು ಕಡೆಯಿಂದ ಶುರುವಾಗಿ, ಮುಂದೆ ಹೋಗಿ ಸೇರಿಕೊಂಡಾಗ ಹೀಗೆ ಮೆಟ್ಟಿಲು ಉಳಿಯುತ್ತದೆ. ಉಕ್ಕಿನಲ್ಲಿ ಎಲ್ಲೋ ಒಂದು ಕಸ, ಒಂದು ತೂತು ಇದ್ದಿದ್ದರೆ ಬಿರುಕು ಅಲ್ಲಿಂದ ಮಾತ್ರ ಹೊರಡುತ್ತಿತ್ತು. ಸುತ್ತಲೂ ಶುರುವಾಗಿದೆ ಅಂದರೆ ತಪ್ಪಿರುವುದು ಆ ಸ್ಟೆಪ್‌ನ ಚೂಪು ಮೂಲೆಯಲ್ಲಿ. ಲೇತ್‌ನವರು ಟೂಲ್ ತಾಗಿಸಿ ಮೂಲೆಯನ್ನು ನೇರ ಕತ್ತರಿಸಿದ್ದಾರೆ.

ತಿರುಗುವ ಶಾಫ್ಟ್ ಕಥೆ ಬೇರೆಯೇ. ಬೆಲ್ಟ್ ಒಂದೇ ಕಡೆ ಎಳೆಯುತ್ತದೆ, ಶಾಫ್ಟ್ ಮಾತ್ರ ತಿರುಗುತ್ತದೆ. ಹಾಗಾಗಿ ಮೇಲ್ಮೈಯ ಒಂದೊಂದು ಬಿಂದುವೂ ಪ್ರತಿ ಸುತ್ತಿಗೆ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ನಿಮಿಷಕ್ಕೆ 250 ಅಂದರೆ ಗಂಟೆಗೆ 15,000. ದಿನಕ್ಕೆ ಎಂಟು ಗಂಟೆ ಓಡಿಸಿದರೆ 1,20,000. ಒಂಬತ್ತನೇ ದಿನಕ್ಕೆ 10 ಲಕ್ಷ ದಾಟಿತು. ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಮುರಿಯುವ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ತಂತಿ ಕಣ್ಣಿಗೆ ಕಾಣುವಷ್ಟು ಬಾಗುತ್ತದೆ, ಹತ್ತಿಪ್ಪತ್ತು ಸಲಕ್ಕೆ ಮುರಿಯುತ್ತದೆ. ಶಾಫ್ಟ್ ಬಾಗಿದ್ದು ಕಾಣುವುದೇ ಇಲ್ಲ, ಅಳೆದರೂ ನೇರವಾಗೇ ಇರುತ್ತದೆ. ಮೋಸ ಇರುವುದು ಅಲ್ಲೇ.

ಇಂಥ ಶಾಫ್ಟಿಗೆ ಸಾಮಾನ್ಯವಾಗಿ ಹಾಕುವ ಇಎನ್8 ಎಂಬ ಉಕ್ಕು ಚದರ ಮಿಲಿಮೀಟರಿಗೆ ಸುಮಾರು 60 ಕೆಜಿ ಎಳೆತ ತಡೆಯುತ್ತದೆ. ಆದರೆ ಹೀಗೆ ಹಿಂದೆ ಮುಂದೆ ಬಾಗುತ್ತಾ ಲಕ್ಷಗಟ್ಟಲೆ ಸುತ್ತು ಬಾಳಬೇಕಾದರೆ, ಚೆನ್ನಾಗಿ ಪಾಲಿಶ್ ಮಾಡಿದ ತುಂಡೂ ಅದರ ಸುಮಾರು ಅರ್ಧ ಮಾತ್ರ ತಡೆಯುತ್ತದೆ. ಟೂಲ್ ಗೆರೆ ಇದ್ದರೆ ಇನ್ನೂ ಕಡಿಮೆ. ಮೇಲಿಂದ ಚೂಪು ಮೂಲೆ. 50ರಿಂದ 40ಕ್ಕೆ ಇಳಿಯುವ ಕಡೆ ಮೂಲೆಯ ರೇಡಿಯಸ್ ಅರ್ಧ ಎಂಎಂ ಇದ್ದರೆ ಅಲ್ಲಿ ಎಳೆತ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಅದೇ 4 ಎಂಎಂ ರೇಡಿಯಸ್ ಕೊಟ್ಟರೆ ಒಂದೂಮುಕ್ಕಾಲು ಪಟ್ಟೂ ಆಗುವುದಿಲ್ಲ. ಇದಕ್ಕೆ ಖರ್ಚು? ಟೂಲ್‌ನ ಮೂತಿ ದುಂಡಗೆ ಅರೆಯುವ ಹತ್ತು ನಿಮಿಷ, ಅಷ್ಟೇ.

ಇದು ಹೊಸ ವಿಷಯವೂ ಅಲ್ಲ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಬರುತ್ತಿದ್ದ ರೈಲಿನ ಎಂಜಿನ್ ಆಕ್ಸೆಲ್ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅದುರಿ ಅದುರಿ ಕಬ್ಬಿಣದ ಗುಣವೇ ಬದಲಾಗಿ ಹರಳಾಗುತ್ತದೆ ಎಂದು ಆಗ ತುಂಬಾ ಜನ ನಂಬಿದ್ದರು. ಮುರಿದ ತರಿ ಭಾಗ ನೋಡಿ ಹುಟ್ಟಿದ ನಂಬಿಕೆ ಅದು. ಲೋಹ ಮೊದಲಿನಿಂದಲೂ ಹರಳೇ, ಕೆಲಸ ಮಾಡಿ ಹರಳಾಗುವುದಿಲ್ಲ. ಮರುವರ್ಷವೇ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಮುರಿದ ಆಕ್ಸೆಲ್‌ಗಳನ್ನು ನೋಡಿ, ಬಿರುಕು ಸ್ಟೆಪ್‌ನ ಮೂಲೆಯಲ್ಲಿ ಶುರುವಾಗಿ ನಿಧಾನಕ್ಕೆ ಒಳಗೆ ಹೋಗುತ್ತದೆ, ಅಲ್ಲಿ ದುಂಡಗೆ ಮಾಡಿ ಎಂದು ಬರೆದ. ಆಮೇಲೆ ಪ್ರಶ್ಯಾದ ರೈಲ್ವೆಯಲ್ಲಿದ್ದ ವೋಲರ್ ವರ್ಷಗಟ್ಟಲೆ ಆಕ್ಸೆಲ್ ತಿರುಗಿಸಿ, ಎಷ್ಟು ಎಳೆತಕ್ಕೆ ಎಷ್ಟು ಸುತ್ತು ಬರುತ್ತದೆ ಎಂದು ಲೆಕ್ಕ ಹಾಕಿಕೊಟ್ಟ. ಇಷ್ಟು ವರ್ಷ ಆದ ಮೇಲೂ ಅದೇ ಚೂಪು ಮೂಲೆ ಲೇತ್‌ನಿಂದ ಹೊರಬರುತ್ತಲೇ ಇದೆ!

ಈಗ ಮಾಡಬೇಕಾದದ್ದು. ವೆಲ್ಡಿಂಗ್ ಬೇಡವೇ ಬೇಡ. ಇಎನ್8ನಲ್ಲಿ ಕಾರ್ಬನ್ ಸುಮಾರು ಶೇ 0.4 ಇದೆ. ಮೊದಲೇ ಬಿಸಿ ಮಾಡದೆ ವೆಲ್ಡ್ ಹಾಕಿದರೆ ಪಕ್ಕದ ಉಕ್ಕು ಗಾಜಿನಷ್ಟು ಪೆಡಸಾಗುತ್ತದೆ. ಆರುವಾಗ ಒಳಗೇ ಎಳೆತ ಉಳಿದುಬಿಡುತ್ತದೆ. ಎರಡನೇ ಸಲ ಮೂರೇ ವಾರಕ್ಕೆ ಹೋದದ್ದು ಇದರಿಂದಲೇ ಇರಬೇಕು. ಹೊಸ ಶಾಫ್ಟ್ ಮಾಡಿಸಿ. ಅದೇ ಇಎನ್8 ಸಾಕು. ಗಟ್ಟಿ ಉಕ್ಕಿಗೆ ಚೂಪು ಮೂಲೆ ಕಂಡರೆ ಇನ್ನೂ ಆಗುವುದಿಲ್ಲ, ಮೂಲೆ ಸರಿ ಮಾಡದೆ ಇಎನ್24 ಎಂಬ ಇನ್ನೂ ಗಟ್ಟಿ ಉಕ್ಕು ಹಾಕಿದರೆ ದುಡ್ಡು ದಂಡ. ನಿಮ್ಮ ಫೋಟೊದಲ್ಲಿ ಪುಲ್ಲಿ ಆ ಸ್ಟೆಪ್‌ನಿಂದ ನಾಲ್ಕು ಬೆರಳು ಆಚೆ ಇದೆ. ಅದರ ನಡುಭಾಗ (ಹಬ್) ಅಲ್ಲಿಗೆ ತಾಗುವುದಿಲ್ಲ, ಹಾಗಾಗಿ 4 ಎಂಎಂ ರೇಡಿಯಸ್‌ಗೆ ಏನೂ ಅಡ್ಡಿಯಿಲ್ಲ. ಕೊನೆಗೆ ಎಮರಿ ಪೇಪರ್ ಹಿಡಿದು ಟೂಲ್ ಗೆರೆ ಕಾಣದ ಹಾಗೆ ನಯ ಮಾಡಿಸಿ. ಆ ನಾಲ್ಕು ಬೆರಳನ್ನೂ ಎರಡಕ್ಕೆ ಇಳಿಸಲು ಆದರೆ ಇಳಿಸಿ. ಪುಲ್ಲಿ ಬೇರಿಂಗ್‌ಗೆ ಹತ್ತಿರ ಬಂದಷ್ಟೂ ಬಾಗುವುದು ಕಡಿಮೆ. ಬೆಲ್ಟನ್ನು ಜಾರದಷ್ಟು ಬಿಗಿ ಮಾಡಿ, ತಂತಿವಾದ್ಯ ಮಾಡಬೇಡಿ.

ಇನ್ನೊಂದು, ಕಬ್ಬಿನ ಹಾಲು. ಅದು ಹುಳಿ. ಶಾಫ್ಟ್ ಮೇಲೆ ಬಿದ್ದು ಒಣಗಿದರೆ ತುಕ್ಕು ಹಿಡಿದು ಸಣ್ಣ ಗುಳಿ ಬೀಳುತ್ತದೆ, ಒಂದೊಂದು ಗುಳಿಯೂ ಬಿರುಕಿಗೆ ಬಾಗಿಲು. ಸಂಜೆ ನೀರಲ್ಲಿ ತೊಳೆದು, ಒರೆಸಿ, ಗ್ರೀಸ್ ಸವರಿ. ತಿಂಗಳಿಗೊಮ್ಮೆ ಆ ಮೂಲೆಗೆ ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ. ಆಮೇಲೆ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗಿದ್ದ ಎಣ್ಣೆ ಹೊರಬಂದು ಬಿಳಿ ಮೇಲೆ ಒದ್ದೆ ಗೆರೆ ಕಾಣುತ್ತದೆ. ಕಂಡರೆ ಅವತ್ತೇ ಗಾಣ ನಿಲ್ಲಿಸಿ.

ಪ್ರಶ್ನೆ: ಮನೆಗೆ ಸಿಪಿವಿಸಿ ಪೈಪ್ ಹಾಕಿಸಿ ಎಂಟು ತಿಂಗಳಾಗಿದೆ. ಗೀಸರ್ ಪಕ್ಕ ಲೋಹದ ನಿಪ್ಪಲ್ ಕೂರುವ ಪ್ಲಾಸ್ಟಿಕ್ ಫಿಟಿಂಗ್ ರಾತ್ರಿ ತಾನೇ ಸೀಳಿ ಮನೆಯೆಲ್ಲ ನೀರಾಯಿತು. ಯಾರೂ ಮುಟ್ಟಿರಲಿಲ್ಲ. ಪ್ಲಂಬರ್ ತುಂಬಾ ಟೈಟ್ ಮಾಡಿದ್ದೇನೆ, ಲೀಕ್ ಆಗಲ್ಲ ಅಂದಿದ್ದರು. (ದಾವಣಗೆರೆ)

ಟೈಟ್ ಮಾಡಿದ್ದೇ ಕಾರಣ ಇರಬೇಕು. ನಿಪ್ಪಲ್‌ನ ಥ್ರೆಡ್ ತುದಿ ಸಣ್ಣ, ಬುಡ ದಪ್ಪ. ತಿರುಗಿಸಿದಷ್ಟೂ ಅದು ಬೆಣೆ ಹೊಡೆದ ಹಾಗೆ ಪ್ಲಾಸ್ಟಿಕ್‌ನ ಬಾಯಿಯನ್ನು ಅಗಲಿಸುತ್ತಾ ಹೋಗುತ್ತದೆ. ಉಕ್ಕಾದರೆ ಆ ಎಳೆತವನ್ನು ವರ್ಷಗಟ್ಟಲೆ ಸುಮ್ನೆ ಹೊತ್ತುಕೊಂಡಿರುತ್ತದೆ. ಪ್ಲಾಸ್ಟಿಕ್ ಹಾಗಲ್ಲ. ಭಾರ ಬದಲಾಗದಿದ್ದರೂ, ಸುಮ್ನೆ ಇದ್ದರೂ, ಅದು ದಿನ ಕಳೆದಂತೆ ಸೋಲುತ್ತದೆ. ಥ್ರೆಡ್‌ನ ಬುಡದಲ್ಲಿ ಮೊದಲ ಬಿರುಕು, ಆಮೇಲೆ ಉದ್ದಕ್ಕೆ ಸೀಳು.

ಅದಕ್ಕೇ ಪ್ಲಾಸ್ಟಿಕ್ ಪೈಪಿನ ಶಕ್ತಿ ಹೇಳುವಾಗ ಕಾಲವನ್ನೂ ಸೇರಿಸಿ ಹೇಳುತ್ತಾರೆ. ಪಿಇ100 ಎಂಬ ಕಪ್ಪು ನೀರಿನ ಪೈಪ್ ಇದೆಯಲ್ಲ, ಅದರ ಹೆಸರಿನಲ್ಲಿರುವ 100 ಬಂದಿರುವುದು 20 ಡಿಗ್ರಿಯಲ್ಲಿ 50 ವರ್ಷ ಬಾಳುವ ಎಳೆತದ ಲೆಕ್ಕದಿಂದ, 10 ಮೆಗಾಪಾಸ್ಕಲ್ ಅಂದರೆ 100 ಬಾರ್ (ಚದರ ಮಿಲಿಮೀಟರಿಗೆ ಸುಮಾರು 1 ಕೆಜಿ). ಇವತ್ತೇ ಎಳೆದು ನೋಡಿದರೆ ಅದರ ಎರಡು ಪಟ್ಟು ತಡೆಯುತ್ತದೆ. ಬಿಸಿ ಬಂದರೆ ಇನ್ನೂ ಕಷ್ಟ. ಮನೆಯಲ್ಲಿ ಸಾಮಾನ್ಯವಾಗಿ ಹಾಕುವ ದಪ್ಪನೆಯ ಸಿಪಿವಿಸಿ ಪೈಪ್ 23 ಡಿಗ್ರಿಯಲ್ಲಿ ತಡೆಯುವ ಒತ್ತಡದ ಕಾಲು ಭಾಗವನ್ನಷ್ಟೇ 82 ಡಿಗ್ರಿಯಲ್ಲಿ ತಡೆಯುತ್ತದೆ. ನಿಮ್ಮದು ಗೀಸರ್ ಪಕ್ಕವೇ ಸೀಳಿದ್ದರಲ್ಲಿ ಆಶ್ಚರ್ಯವಿಲ್ಲ.

ಲೋಹ ಸೇರುವ ಕಡೆ ಒಳಗೆ ಹಿತ್ತಾಳೆ ಥ್ರೆಡ್ ಇರುವ ಫಿಟಿಂಗ್ ಹಾಕಿಸಿ, ಸ್ವಲ್ಪ ದುಬಾರಿ ಅಷ್ಟೇ. ಟೆಫ್ಲಾನ್ ಟೇಪ್ ಮಾತ್ರ ಸುತ್ತಿ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಒಂದು ಸುತ್ತು, ಹೆಚ್ಚೆಂದರೆ ಎರಡು. ಹಳೇ ಕಾಲದ ಜಿಐ ಪೈಪಿಗೆ ನೂಲು ಸುತ್ತಿ ಪೇಂಟ್ ಬಳಿಯುತ್ತಿದ್ದರು, ಇಲ್ಲಿ ಅದು ಬೇಡ. ಪೇಂಟ್, ಥಿನ್ನರ್, ಕೆಲವು ಎಣ್ಣೆಗಳು ಎಳೆತದಲ್ಲಿರುವ ಪ್ಲಾಸ್ಟಿಕ್‌ಗೆ ತಾಗಿದರೆ ಬಿರುಕು ಬೇಗ ಬರುತ್ತದೆ. ಹೆಲ್ಮೆಟ್ ಮೇಲಿನ ಸ್ಟಿಕ್ಕರ್ ಅಂಟು ತೆಗೆಯಲು ಪೆಟ್ರೋಲ್ ಹಾಕುವವರಿಗೂ ಇದೇ ಮಾತು. ಹೊರಗಿನಿಂದ ಹೆಲ್ಮೆಟ್ ಹೊಸದರಂತೆ ಹೊಳೆಯುತ್ತದೆ, ಬಿದ್ದ ದಿನ ಚೂರಾಗುತ್ತದೆ. ಸೋಪು ನೀರು ಸಾಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎಳೆತ ಒಂದು ಮಿತಿಗಿಂತ ಕಡಿಮೆ ಇದ್ದರೆ ಎಷ್ಟು ಸುತ್ತಾದರೂ ಮುರಿಯುವುದಿಲ್ಲ ಎಂದು ಓದಿದೆ. ವಿಮಾನಕ್ಕೂ ಇದು ಅನ್ವಯಿಸುತ್ತದಾ? (ಬೆಂಗಳೂರು)

ಇಲ್ಲ. ಆ ಮಿತಿ ಸಾಮಾನ್ಯ ಉಕ್ಕಿಗೆ ಉಂಟು, ಅದೂ ತುಕ್ಕಿಲ್ಲದಿದ್ದರೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಎಳೆತ ಕಡಿಮೆ ಮಾಡಿದರೆ ಆಯುಸ್ಸು ಹೆಚ್ಚುತ್ತದೆಯೇ ಹೊರತು ಮುಗಿಯದೆ ಇರುವುದಿಲ್ಲ. ಅದಕ್ಕೇ ವಿಮಾನದ ವಯಸ್ಸನ್ನು ವರ್ಷದಲ್ಲಿ ಮಾತ್ರವಲ್ಲ, ಹಾರಾಟದ ಲೆಕ್ಕದಲ್ಲೂ ಎಣಿಸುತ್ತಾರೆ. ಒಂದೊಂದು ಹಾರಾಟಕ್ಕೂ ಕ್ಯಾಬಿನ್ ಒಮ್ಮೆ ಉಬ್ಬಿ ಇಳಿಯುತ್ತದೆ.

1954ರ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಕಾಮೆಟ್ ಎಂಬ ಎರಡು ಪ್ರಯಾಣಿಕ ಜೆಟ್‌ಗಳು ಆಕಾಶದಲ್ಲೇ ಒಡೆದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡ ಏರಿಸಿ ಇಳಿಸಿ ನೋಡಿದರು. ಮೊದಲು ಹಾರಿದ್ದೂ ಸೇರಿ 3,057 ಹಾರಾಟದ ಲೆಕ್ಕಕ್ಕೆ ಅದು ಸೀಳಿತು. ಕಿಟಕಿ ಚೌಕವಾಗಿತ್ತು, ಅದಕ್ಕೇ ಒಡೆಯಿತು ಎಂದು ಎಲ್ಲ ಕಡೆ ಬರೆಯುತ್ತಾರೆ. ಅಷ್ಟು ಸರಳವಲ್ಲ. ಮೂಲೆಗಳು ಸ್ವಲ್ಪ ದುಂಡಗೇ ಇದ್ದವು. ಎಲ್ಬಾ ಬಳಿ ಬಿದ್ದ ವಿಮಾನದಲ್ಲಿ ಬಿರುಕು ಶುರುವಾದದ್ದು ಪ್ರಯಾಣಿಕರ ಕಿಟಕಿಯಲ್ಲಲ್ಲ, ಮೇಲ್ಛಾವಣಿಯಲ್ಲಿ ಆಂಟೆನಾಗೆ ಬಿಟ್ಟ ಕಿಂಡಿಯ ಮೂಲೆಯಲ್ಲಿ. ತೆಳು ತಗಡು, ಕಿಂಡಿಯ ಮೂಲೆ, ಪಕ್ಕದಲ್ಲೇ ತೂತು, ಎಲ್ಲ ಒಂದೇ ಕಡೆ ಸೇರಿದ್ದವು.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಛಾವಣಿ ಹಾರಿಹೋದದ್ದನ್ನೂ ಓದಿ. ವಿಮಾನಕ್ಕೆ 19 ವರ್ಷ. ಆದರೆ ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಹಾರಾಟ, ಹಾಗಾಗಿ ಎಣಿಕೆ 90,000ದ ಹತ್ತಿರ. ಜೊತೆಗೆ ಸಮುದ್ರದ ಉಪ್ಪು ಗಾಳಿ. ಒಬ್ಬ ಗಗನಸಖಿ ಸತ್ತರು, ಉಳಿದವರನ್ನು ಪೈಲಟ್‌ಗಳು ಇಳಿಸಿದರು. ನಿಮ್ಮ ಊರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲೂ ವಿಮಾನದ ಭಾಗಗಳನ್ನು ಹೀಗೆ ದಣಿಸಿ ನೋಡುವ ವ್ಯವಸ್ಥೆ ಇದೆ. ಅವಕಾಶ ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಅಜ್ಜಿಯ ಕಾಲದ ಹಿತ್ತಾಳೆ ಬಿಂದಿಗೆಯನ್ನು ದನದ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೆವು. ಈ ಮಳೆಗಾಲ ಕಳೆದು ನೋಡಿದರೆ ಕುತ್ತಿಗೆಯಿಂದ ಕೆಳಗೆ ಸೀಳಿದೆ. ಬಿದ್ದೂ ಇಲ್ಲ, ಏಟೂ ತಾಗಿಲ್ಲ. (ಸಾಗರ)

ದನದ ಗಂಜಲದಿಂದ ಬರುವ ಅಮೋನಿಯಾ, ಮಳೆಗಾಲದ ತೇವ, ಬಡಿದು ಆಕಾರ ಕೊಟ್ಟಾಗ ಲೋಹದೊಳಗೆ ಉಳಿದ ಎಳೆತ. ಈ ಮೂರೂ ಸೇರಿದರೆ ಹಿತ್ತಾಳೆಗೆ ಹೊರಗಿನ ಭಾರವೇ ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯಕ್ಕೆ ಇದೇ ತಲೆನೋವಾಗಿತ್ತು. ಕುದುರೆ ಲಾಯದ ಬಳಿ ಇಟ್ಟ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವೇ ಸೀಳುತ್ತಿದ್ದವು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬವರು ಅಮೋನಿಯಾವೇ ಕಾರಣ ಎಂದು ವಿವರಿಸಿದರು. ಹದವಾಗಿ, 250ರಿಂದ 300 ಡಿಗ್ರಿಯಷ್ಟು ಬಿಸಿ ಮಾಡಿದರೆ ಒಳಗಿನ ಎಳೆತ ಇಳಿಯುತ್ತದೆ. ತೋಟಾಗಳಿಗೆ ಕಂಡುಕೊಂಡ ಮದ್ದೂ ಅದೇ.

ಬಿಂದಿಗೆಯ ಸೀಳನ್ನು ಪಾತ್ರೆ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಬಹುದು. ನೋಡಲು ಚೆನ್ನಾಗಿರುತ್ತದೆ, ನೀರು ತುಂಬಿ ಹೊರಲು ನಂಬಬೇಡಿ. ಅಟ್ಟದಲ್ಲಿ ಬೇರೆ ಹಿತ್ತಾಳೆ ಸಾಮಾನು ಇದ್ದರೆ ಇವತ್ತೇ ಇಳಿಸಿ, ತೊಳೆದು ಒಣಗಿಸಿ ಮನೆಯೊಳಗೆ ಇಡಿ. ತಾಮ್ರದ ಹಂಡೆಗೆ ಈ ಭಯ ಬಹುಮಟ್ಟಿಗೆ ಇಲ್ಲ, ಅದು ಅಲ್ಲೇ ಇರಲಿ.