ತರಗೆಲೆಯ ಗುಂಡಿ ಕೊಳೆಯದೇ ಉಳಿದದ್ದೇಕೆ?

ಧಾರವಾಡದ ಸಾಧನಕೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಹಿತ್ತಲಲ್ಲಿ ಎರಡು ಮಾವು, ಒಂದು ಬಾದಾಮಿ ಮರ ಇವೆ, ಬೇಲಿಯ ಪಕ್ಕದಲ್ಲಿ ಹೊಂಗೆ ಇದೆ. ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ಉದುರಿದ ಮಾವು, ಬಾದಾಮಿಯ ಎಲೆಗಳನ್ನೆಲ್ಲ ಗುಂಡಿಗೆ ತುಳಿದು ತುಂಬಿ, ಮೇಲೆ ಮಣ್ಣು ಮುಚ್ಚಿದೆ. ದೀಪಾವಳಿಗೆ ತೆಗೆದರೆ ಎಲೆ ಎಲೆಯಾಗಿಯೇ ಇತ್ತು, ತಳದಲ್ಲಿ ಕಪ್ಪಾಗಿ ನಾರುತ್ತಿತ್ತು. ಗಿಡದ ಬುಡಕ್ಕೆ ಹಾಸಿದರೆ ಗೆದ್ದಲು ಬರುತ್ತದೆಂದು ಮನೆಯವರು ಹೆದರುತ್ತಾರೆ. ಈ ಸಲ ಸುಟ್ಟುಬಿಡಲೇ?’

ದಯವಿಟ್ಟು ಸುಡಬೇಡಿ. ಸುಟ್ಟರೆ ಎಲೆಯೊಳಗಿನ ಇಂಗಾಲವೂ ಸಾರಜನಕವೂ ಹೊಗೆಯ ಜೊತೆ ಹೋಗುತ್ತವೆ. ಬೂದಿಯಲ್ಲಿ ಉಳಿದ ಪೊಟ್ಯಾಷ್ ಮೊದಲ ದೊಡ್ಡ ಮಳೆಗೆ ತೊಳೆದುಹೋಗುತ್ತದೆ. ಅಕ್ಕಪಕ್ಕದ ಮನೆಗಳ ಮಕ್ಕಳು, ವೃದ್ಧರು ಆ ಹೊಗೆಯನ್ನು ಕುಡಿಯಬೇಕಾಗುತ್ತದೆ ಎಂಬುದು ಬೇರೆ.

ನಿಮ್ಮ ಗುಂಡಿ ಕೆಟ್ಟದ್ದಕ್ಕೆ ಎಲೆಗಳನ್ನು ದೂರಬೇಕಿಲ್ಲ. ಮರವು ಎಲೆಯನ್ನು ಕಳಚುವ ಮುನ್ನ ಅದರಲ್ಲಿರುವ ಸಾರಜನಕದಲ್ಲಿ ಸುಮಾರು ಅರ್ಧವನ್ನು ತನ್ನೊಳಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹೀಗಾಗಿ ತರಗೆಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ 50, 60 ಪಾಲು ಇಂಗಾಲ ಇರುವುದು ಸಾಮಾನ್ಯ, ಆದರೆ ಕೊಳೆಸುವ ಸೂಕ್ಷ್ಮಜೀವಿಗಳು ಚುರುಕಾಗುವುದು ಅದು 25, 30ಕ್ಕೆ ಇಳಿದಾಗ. ನೀವು ಹೆಂಡಿಯನ್ನಾಗಲಿ ಹಸಿರು ತಪ್ಪಲನ್ನಾಗಲಿ ಬೆರೆಸಿದಂತಿಲ್ಲ. ಮಾವಿನ ಎಲೆಗೆ ಮೇಣದ ಹೊದಿಕೆ ಬೇರೆ ಇದೆ, ಇಡಿಯಾಗಿ ಹಾಕಿದರೆ ನೀರು ಒಳಗಿಳಿಯದು. ಶಿವರಾತ್ರಿಯಿಂದ ಮುಂಗಾರಿನವರೆಗೆ ಗುಂಡಿ ಒಣಗಿಯೇ ಇದ್ದು, ಮಳೆ ಹಿಡಿದ ಮೇಲೆ ತಳದಲ್ಲಿ ನೀರು ನಿಂತು, ತುಳಿದ ಎಲೆಗಳ ನಡುವೆ ಗಾಳಿಯಾಡದೆ ನಾತ ಹುಟ್ಟಿದೆ.

ಈ ಸಲ ಗುಂಡಿ ಬಿಟ್ಟು ನೆರಳಿನಲ್ಲಿ ನೆಲದ ಮೇಲೆಯೇ ಮೂರಡಿ ಉದ್ದಗಲ, ಮೂರಡಿ ಎತ್ತರದ ರಾಶಿ ಮಾಡಿ. ಎಲೆಗಳನ್ನು ಮೊದಲು ಬಡಿಗೆಯಿಂದ ಬಡಿದು ಪುಡಿ ಮಾಡಿ, ಗೇಣು ದಪ್ಪದ ಪ್ರತಿ ಪದರಕ್ಕೂ ಹೆಂಡಿಯ ರಾಡಿ ಚಿಮುಕಿಸಿ; ಹೊಂಗೆಯ ಹಸಿ ತಪ್ಪಲು ಸಿಕ್ಕರೆ ಅದನ್ನೂ ಸೇರಿಸಿ, ಅದು ದ್ವಿದಳ ಜಾತಿಯ ಮರವಾದ್ದರಿಂದ ಸಾರಜನಕ ಹೆಚ್ಚು. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಮಾತ್ರ ಜಿನುಗುವಷ್ಟು ತೇವ ಸದಾ ಇರಲಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು, ತಿಂಗಳಿಗೊಮ್ಮೆ ಮಗುಚುವುದು, ಇಷ್ಟನ್ನು ತಪ್ಪಿಸದಿದ್ದರೆ ದಸರೆಯ ಹೊತ್ತಿಗೆ ಬಹುಪಾಲು ಕಪ್ಪು ಗೊಬ್ಬರವಾಗಿರುತ್ತದೆ.

ಗೆದ್ದಲಿನ ಹೆದರಿಕೆ ಸುಳ್ಳಲ್ಲ, ಒಣ ಎಲೆ ಅದಕ್ಕೆ ಆಹಾರವೇ. ಆದ್ದರಿಂದ ಬುಡಕ್ಕೆ ಅರ್ಧ ಕೊಳೆತ ಎಲೆಯನ್ನೇ ಹಾಸಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬರಿದಾಗಿಡಿ. ಹುಬ್ಬಳ್ಳಿಯ ನನ್ನ ಹಿತ್ತಲು ಎರೆಮಣ್ಣಿನದು. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತಿದ್ದ ಕರಿಬೇವಿನ ಪಾತಿ, ಮೂರು ಅಂಗುಲ ಎಲೆ ಹಾಸಿದಂದಿನಿಂದ ಹಾಗೆ ಸೀಳುವುದನ್ನು ಬಿಟ್ಟಿದೆ. ನಿಮ್ಮದು ಮಸಾರಿ ಮಣ್ಣಾಗಿದ್ದರೆ ನೀರು ಬೇಗ ಬಸಿದುಹೋಗುವುದರಿಂದ ಈ ಹಾಸು ಇನ್ನೂ ಹೆಚ್ಚು ಬೇಕು.

ಗೊಬ್ಬರ ಜರಡಿ ಹಿಡಿದಾಗ ಬಾದಾಮಿ ಎಲೆಯ ದಪ್ಪ ನರಗಳು ಉಳಿಯುತ್ತವೆ. ಅವನ್ನು ಎಸೆಯದೆ ಮುಂದಿನ ರಾಶಿಯ ತಳಕ್ಕೆ ಹಾಕಿ. ಅವುಗಳಿಗೆ ಅಂಟಿದ ಬಿಳಿ ಶಿಲೀಂಧ್ರ ಹೊಸ ಎಲೆಗಳಿಗೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ.

— ಸಂಪಾದಕ