ಮುಖದ ಫೋಟೊ ಕತ್ತರಿಸಿ ಜೋಡಿಸಿದರೆ ಬರೀ ಚೂರುಚೂರಾಗಿ ಕಾಣುತ್ತೆ, ಏನು ಮಾಡಲಿ?

ನಿಮ್ಮ ಫೋಟೊ ಕತ್ತರಿಸಿ, ಬಣ್ಣ, ಬಟ್ಟೆ ಸೇರಿಸಿ ಸರ್ರಿಯಲಿಸ್ಟ್ ಶೈಲಿಯಲ್ಲಿ, ಅಂದರೆ ಕನಸಿನ ಹಾಗೆ ವಿಚಿತ್ರವಾಗಿ ಜೋಡಿಸಿ, ‘ನಾನು ಯಾರು’ ಅನ್ನೋದನ್ನ ಹೇಳಬೇಕು, ಆದರೆ ನೋಡಿದವರಿಗೆ ಕಣ್ಣು ಒಂದು ಕಡೆ, ಬಾಯಿ ಒಂದು ಕಡೆ ಅಷ್ಟೇ ಕಾಣುತ್ತೆ ಅಂದಿದ್ದೀರಿ. ನನಗೂ ತುಂಬಾ ದಿನ ಹೀಗೇ ಆಗಿತ್ತು. ಕತ್ತರಿಸೋದಕ್ಕೆ ಕೊಟ್ಟಷ್ಟು ಗಮನ ನಾನು ಜೋಡಿಸೋದಕ್ಕೆ ಕೊಟ್ಟಿರಲಿಲ್ಲ.

ನಾನು ಗದಗದವಳು. ಅವ್ವ ಕೌದಿ ಹೊಲಿಯುತ್ತಾಳೆ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಲಂಗ, ಎಲ್ಲದರ ತುಂಡೂ ಒಂದೇ ಕೌದಿಯಲ್ಲಿ ಇರುತ್ತೆ. ರಾತ್ರಿ ಹೊದ್ದುಕೊಂಡಾಗ ಬೆರಳಿಟ್ಟು ಇದು ಯಾರದು, ಇದು ಯಾರದು ಅಂತ ಹೇಳಬಹುದು. ಹೊಲಿಗೆಯನ್ನ ಅವ್ವ ಮುಚ್ಚಿಡೋದಿಲ್ಲ. ಕೆಂಪು ದಾರದಲ್ಲಿ ಎದ್ದು ಕಾಣೋ ಹಾಗೆ ಸಾಲು ಸಾಲಾಗಿ ಹಾಕುತ್ತಾಳೆ. ನಿಮ್ಮ ಚಿತ್ರದಲ್ಲೂ ಜೋಡಣೆ ಹಾಗೆ ಕಾಣಲಿ, ತುಂಡುಗಳೂ ನಿಮ್ಮ ಮನೆಯಿಂದಲೇ ಬರಲಿ. ಇಂಟರ್‌ನೆಟ್‌ನಿಂದ ತಂದ ಗಡಿಯಾರ, ಚಿಟ್ಟೆ ಬೇಡ.

ಬರ್ಲಿನ್‌ನ ಕಲಾವಿದೆ ಹಾನಾ ಹೋಖ್ ಅವರ ಫೋಟೊ ಕೊಲಾಜ್‌ಗಳನ್ನ (ಫೋಟೊ ಕತ್ತರಿಸಿ ಅಂಟಿಸಿದ ಚಿತ್ರಗಳನ್ನ) ಹುಡುಕಿ ನೋಡಿ. ಅವರು ದಾದಾ ಅನ್ನೋ ಬಂಡಾಯ ಕಲಾವಿದರ ಗುಂಪಿನವರು, ಸರ್ರಿಯಲಿಸಂನ ಪ್ರಣಾಳಿಕೆ ಬಂದದ್ದೇ ಆಮೇಲೆ, 1924ರಲ್ಲಿ. ಒಂದು ಪ್ರಕಾಶನ ಸಂಸ್ಥೆಯಲ್ಲಿ ಕಸೂತಿ, ಹೆಣಿಗೆಯ ಮಾದರಿಗಳನ್ನ ಬರೆಯೋದು ಅವರ ನೌಕರಿಯಾಗಿತ್ತು. ಅದನ್ನ ಓದಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ಇನ್ನು ಸರ್ರಿಯಲಿಸ್ಟ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಹಳೆ ಮರದ ನೆಲದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಸೀಸದಿಂದ ಉಜ್ಜಿ, ಮೂಡಿದ ಗೆರೆಗಳಲ್ಲಿ ಆಕಾರ ಹುಡುಕಿದರು. ಅದಕ್ಕೆ ಫ್ರೊಟಾಜ್ ಅಂತಾರೆ. ನಾನು ನಮ್ಮ ಮನೆಯ ಹೊಸ್ತಿಲ ಮೇಲೆ ಮಾಡಿದೆ. ಅರಿಶಿಣ ಕುಂಕುಮದಿಂದ ಗಟ್ಟಿಯಾದ ಸಂದುಗಳೆಲ್ಲ ಕಾಗದಕ್ಕೆ ಬಂದವು, ಅದೇ ನನ್ನ ಹಣೆಯ ಭಾಗ ಆಯಿತು.

ಫೋಟೊವನ್ನ ಬಟ್ಟೆಗೆ ಇಳಿಸೋದು ಕೂಡ ಕಲಿಯಿರಿ. ಬಟ್ಟೆಗೆ ಅಕ್ರಿಲಿಕ್ ಜೆಲ್ ಮೀಡಿಯಂ (ಬಣ್ಣದ ಜೊತೆ ಬಳಸೋ ಅಂಟಿನಂಥ ಲೇಪ) ದಪ್ಪಗೆ ಬಳಿದು, ಝೆರಾಕ್ಸ್ ಪ್ರತಿಯನ್ನ ಬೋರಲಾಗಿ ಒತ್ತಿ, ಒಂದು ರಾತ್ರಿ ಬಿಡಿ. ಮರುದಿನ ಕಾಗದವನ್ನ ನೀರಲ್ಲಿ ನೆನೆಸಿ ಬೆರಳಿಂದ ಮೆಲ್ಲಗೆ ಉಜ್ಜಿ ತೆಗೆದರೆ ಚಿತ್ರ ಬಟ್ಟೆಯಲ್ಲಿ ಉಳಿಯುತ್ತೆ. ಇಂಕ್‌ಜೆಟ್ ಪ್ರಿಂಟ್ ಬೇಡ, ಶಾಯಿ ಹರಡುತ್ತೆ. ಮತ್ತೆ ಚಿತ್ರ ಎಡಬಲ ತಿರುಗುತ್ತೆ, ನೆನಪಿರಲಿ.

ಹೀಗೆ ಇಳಿಸಿದ ನನ್ನ ಮುಖವನ್ನ ಅವ್ವನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಇದು ನೀ ಅಲ್ಲ ಬಿಡ, ನಿನ್ನ ಮಚ್ಚಿ ಈ ಕಡೆ ಎಲ್ಲೈತಿ?” ಅಂದಳು. ನನಗೆ ಮಾತ್ರ ಅದೇ ಸರಿಯಾಗಿ ನಾನು ಅನಿಸಿತ್ತು, ಯಾಕಂದರೆ ದಿನಾ ಕನ್ನಡಿಯಲ್ಲಿ ನಾನು ನೋಡೋದು ಆ ಮುಖಾನೇ ಅಲ್ವಾ? ಅವ್ವ ನೋಡುವ ಮುಖವನ್ನ ನಾನು ಯಾವತ್ತೂ ನೇರವಾಗಿ ನೋಡಿಲ್ಲ. ಆಮೇಲೆ ಎರಡನ್ನೂ ಇಳಿಸಿದೆ. ಒಂದು ಅರ್ಧ ಅವ್ವನಿಗೆ ಕಾಣುವ ನಾನು, ಇನ್ನೊಂದು ಅರ್ಧ ಕನ್ನಡಿಯ ನಾನು. ನಡುವೆ ಕೆಂಪು ದಾರದ ಹೊಲಿಗೆ ಅವ್ವನೇ ಹಾಕಿಕೊಟ್ಟಳು.

ನೀವೂ ಮೊದಲು ಈ ಎರಡು ಅರ್ಧಗಳಿಂದ ಶುರು ಮಾಡಿ ನೋಡಿ. ಮಾಡಿದ ಮೇಲೆ ಫೋಟೊ ಹಾಕಿ.