5ನೇ ನರದಲ್ಲಿ ಪ್ಯಾರಾಸಿಂಪಥೆಟಿಕ್ ಇಲ್ಲ ಅಂದಮೇಲೆ ಗ್ರಂಥಿಗಳಿಗೆಲ್ಲ ಅದೇ ಯಾಕೆ ಹೋಗುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ಮೆದುಳಿನಿಂದ ಹೊರಡುವ ಕ್ರೇನಿಯಲ್ ನರಗಳಲ್ಲಿ ಪ್ಯಾರಾಸಿಂಪಥೆಟಿಕ್ ಎಳೆಗಳು (ನಮ್ಮ ಇಚ್ಛೆಯಿಲ್ಲದೆಯೇ ಗ್ರಂಥಿಗಳನ್ನು ಸುರಿಸುವ, ಪಾಪೆ ಕುಗ್ಗಿಸುವ ಎಳೆಗಳು) ಇರುವುದು 3, 7, 9 ಮತ್ತು 10ನೆಯವುಗಳಲ್ಲಿ ಮಾತ್ರ ಅಂತ ಪುಸ್ತಕ ಹೇಳುತ್ತದೆ. ಆದರೆ ಚಿತ್ರ ನೋಡಿದರೆ ಕಣ್ಣೀರಿನ ಗ್ರಂಥಿಗೂ ಜೊಲ್ಲಿನ ಗ್ರಂಥಿಗಳಿಗೂ ಕೊನೆಗೆ ಬಂದು ಸೇರುವುದು 5ನೇ ನರದ ಕವಲು. ಇದು ಹೇಗೆ? ತಲೆಯ ನಾಲ್ಕು ಗ್ಯಾಂಗ್ಲಿಯಾನ್‌ಗಳನ್ನು (ಮೆದುಳಿನ ಹೊರಗಿರುವ ನರಕೋಶಗಳ ಗಂಟುಗಳನ್ನು) ಕಲಸಿಹೋಗದಂತೆ ನೆನಪಿಡುವುದು ಹೇಗೆ?

ನಾನು ಮೊದಲ ವರ್ಷದವರಿಗೆ ಅನಾಟಮಿ ಹೇಳಿಕೊಡುತ್ತೇನೆ. ಈ ಅನುಮಾನ ಬಂದಿದೆ ಅಂದರೆ ನೀವು ಚಿತ್ರವನ್ನು ಸರಿಯಾಗಿಯೇ ನೋಡಿದ್ದೀರಿ. ಉತ್ತರ ಚಿಕ್ಕದು: ಎಳೆ ಬೇರೆಯವರದು, ದಾರಿ ಮಾತ್ರ 5ನೇ ನರದ್ದು.

ತಲೆಯ ಪ್ರತಿ ಪ್ಯಾರಾಸಿಂಪಥೆಟಿಕ್ ದಾರಿಯಲ್ಲೂ ಎರಡು ನ್ಯೂರಾನ್ ಇರುತ್ತವೆ. ಮೊದಲನೆಯದು ಮೆದುಳಿನ ಕಾಂಡದಲ್ಲಿ ನರಕೋಶಗಳ ಗುಂಪಾದ ಒಂದು ನ್ಯೂಕ್ಲಿಯಸ್‌ನಲ್ಲಿ ಹುಟ್ಟಿ ಗ್ಯಾಂಗ್ಲಿಯಾನ್‌ವರೆಗೆ ಬರುತ್ತದೆ. ಅಲ್ಲಿ ಸೈನಾಪ್ಸ್, ಅಂದರೆ ಒಂದು ನ್ಯೂರಾನ್ ಮುಂದಿನದಕ್ಕೆ ಸುದ್ದಿ ದಾಟಿಸುವ ಕೊಂಡಿ. ಎರಡನೆಯದು ಅಲ್ಲಿಂದ ಹೊರಟು ಗ್ರಂಥಿಗೋ ಸ್ನಾಯುವಿಗೋ ಹೋಗುತ್ತದೆ. ‘3, 7, 9, 10’ ಅನ್ನುವ ಪಟ್ಟಿ ಮೊದಲನೇ ನ್ಯೂರಾನ್‌ಗೆ ಸೇರಿದ್ದು. ಎರಡನೇ ನ್ಯೂರಾನ್ ಯಾವ ನರದೊಳಗೆ ಸೇರಿ ಹೋಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಬಸ್ಸಿನ ಬೋರ್ಡ್ ನೋಡಿ ಒಳಗೆ ಕೂತವರು ಯಾವ ಊರಿನವರು ಅಂತ ಹೇಳೋಕಾಗಲ್ಲ ಅಲ್ವಾ? ಅಷ್ಟೇ ವಿಷಯ. 10ನೇ ನರದ ಪ್ಯಾರಾಸಿಂಪಥೆಟಿಕ್ ಎಳೆಗಳು ಕುತ್ತಿಗೆ, ಎದೆ, ಹೊಟ್ಟೆಯ ಕಡೆಗೆ ಹೋಗುತ್ತವೆ. ಅದನ್ನು ಇಲ್ಲಿ ಬಿಟ್ಟುಬಿಡೋಣ.

5ನೇ ನರವೇ ಯಾಕೆ? ಮುಖದ ಹೆಚ್ಚುಕಡಿಮೆ ಎಲ್ಲ ಚರ್ಮಕ್ಕೂ, ಮೂಗು ಬಾಯಿಯ ಒಳಪದರಕ್ಕೂ ಸ್ಪರ್ಶದ ನರ ಅದೇ. ಹಾಗಾಗಿ ಅದರ ಕವಲು ತಲುಪದ ಜಾಗ ಮುಖದಲ್ಲಿ ಕಡಿಮೆ. ಇದರ ಹಿಂದೆ ಬೆಳವಣಿಗೆಯ ಕಾರಣವೂ ಇದೆ. 2014ರಲ್ಲಿ ಒಟ್ಟಿಗೆ ಪ್ರಕಟವಾದ ಎರಡು ಅಧ್ಯಯನಗಳು ಇಲಿಯ ಭ್ರೂಣಗಳಲ್ಲಿ ಒಂದು ಸೊಗಸಾದ ವಿಷಯ ತೋರಿಸಿದವು. ಪ್ಯಾರಾಸಿಂಪಥೆಟಿಕ್ ಗ್ಯಾಂಗ್ಲಿಯಾನ್‌ನ ನ್ಯೂರಾನ್‌ಗಳು ಹುಟ್ಟುವುದು ಮೊದಲೇ ಬೆಳೆದ ನರಗಳಿಗೆ ಅಂಟಿಕೊಂಡು ಬಂದ ಕೋಶಗಳಿಂದ. ಮುಂದೆ ನರಕ್ಕೆ ಹೊದಿಕೆಯಾಗುವ ಶ್ವಾನ್ ಕೋಶ ಆಗಬೇಕಾದ ಈ ಕೋಶಗಳಲ್ಲಿ ಕೆಲವು ದಾರಿಯಲ್ಲೇ ನ್ಯೂರಾನ್ ಆಗಿಬಿಡುತ್ತವೆ. ನರದ ಮೇಲೇ ಹುಟ್ಟುವ ಗ್ಯಾಂಗ್ಲಿಯಾನ್ ನರಕ್ಕೆ ನೇತುಬಿದ್ದ ಹಾಗೆ ಕಾಣುವುದರಲ್ಲಿ ಆಶ್ಚರ್ಯ ಏನಿದೆ!

ಈಗ ಒಂದೊಂದಾಗಿ. ಕಣ್ಣು ತಿರುಗಿಸುವ, ರೆಪ್ಪೆ ಎತ್ತುವ 3ನೇ ನರದ್ದು ಸುಲಭ. ಎಡಿಂಗರ್-ವೆಸ್ಟ್‌ಫಾಲ್ ನ್ಯೂಕ್ಲಿಯಸ್‌ನಿಂದ ಹೊರಟು, ನರದ ಕೆಳಗಿನ ಕವಲಿನಲ್ಲಿ ಬಂದು, ಸಿಲಿಯರಿ ಗ್ಯಾಂಗ್ಲಿಯಾನ್‌ನಲ್ಲಿ ಸೈನಾಪ್ಸ್ ಆಗಿ, ಶಾರ್ಟ್ ಸಿಲಿಯರಿ ನರಗಳ ಮೂಲಕ ಕಣ್ಣುಗುಡ್ಡೆಯೊಳಗೆ ಹೋಗುತ್ತದೆ. ಪಾಪೆ ಸಣ್ಣದು ಮಾಡುವುದು, ಹತ್ತಿರದ್ದು ನೋಡಲು ಲೆನ್ಸ್ ದಪ್ಪ ಮಾಡುವುದು ಇದರ ಕೆಲಸ. ಎಳೆಗಳಲ್ಲಿ ಬಹುಪಾಲು ಲೆನ್ಸಿನ ಕೆಲಸಕ್ಕೇ ಮೀಸಲು. ಪಾಪೆಗೆ ಸಿಗುವುದು ನೂರಕ್ಕೆ ಮೂರೋ ನಾಲ್ಕೋ ಅಷ್ಟೇ. ಆದರೂ ವೈದ್ಯರು ಟಾರ್ಚ್ ಹಾಕಿ ನೋಡುವುದು ಪಾಪೆಯನ್ನೇ. ಅದಕ್ಕೆ ಕಾರಣ ಇದೆ. ಈ ಎಳೆಗಳು 3ನೇ ನರದ ಹೊರಮೈಯಲ್ಲಿ ಇರುತ್ತವೆ. ಪಕ್ಕದ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ರಕ್ತನಾಳ ಉಬ್ಬಿ ಒತ್ತಿದರೆ ಮೊದಲ ಪೆಟ್ಟು ಇವಕ್ಕೇ ಬೀಳುತ್ತದೆ, ಪಾಪೆ ಹಿಗ್ಗುತ್ತದೆ. ಡಯಾಬಿಟಿಸ್‌ನಲ್ಲಿ ನರದ ಒಳಭಾಗಕ್ಕೆ ರಕ್ತ ಸಾಲದೆ ಹೋದಾಗ ರೆಪ್ಪೆ ಜೋತುಬೀಳುತ್ತದೆ, ಕಣ್ಣು ತಿರುಗುವುದಿಲ್ಲ, ಪಾಪೆ ಮಾತ್ರ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ.

ಕಷ್ಟದ್ದು 7ನೇ ನರ. ಯಾಕೆಂದರೆ ಅದರಿಂದ ಎರಡು ದಾರಿ ಒಡೆಯುತ್ತವೆ. ಎರಡೂ ಸುಪೀರಿಯರ್ ಸ್ಯಾಲಿವೇಟರಿ ನ್ಯೂಕ್ಲಿಯಸ್‌ನ ಕಡೆಯಿಂದಲೇ ಹೊರಟು ನರ್ವಸ್ ಇಂಟರ್ಮೀಡಿಯಸ್‌ನಲ್ಲಿ ಬರುತ್ತವೆ. ಜೆನಿಕ್ಯುಲೇಟ್ ಗ್ಯಾಂಗ್ಲಿಯಾನ್ ಹತ್ತಿರ ಮೊದಲನೇ ದಾರಿ ಬೇರೆಯಾಗುತ್ತದೆ. ಅಲ್ಲಿ ಸೈನಾಪ್ಸ್ ಇಲ್ಲ ಅನ್ನುವುದನ್ನು ಗಟ್ಟಿಯಾಗಿ ನೆನಪಿಡಿ. ಅದು ಸಂವೇದನೆಯ ಗ್ಯಾಂಗ್ಲಿಯಾನ್, ನಮ್ಮ ಎಳೆ ಸುಮ್ನೆ ಹಾದುಹೋಗುತ್ತದೆ ಅಷ್ಟೇ. ಪರೀಕ್ಷೆಯಲ್ಲಿ ಅತಿ ಜಾಸ್ತಿ ಅಂಕ ಹೋಗುವುದು ಇಲ್ಲೇ.

ಈ ಮೊದಲನೇ ದಾರಿ ಗ್ರೇಟರ್ ಪೆಟ್ರೋಸಲ್ ನರ. ಮುಂದೆ ಅದು ಇನ್ನೊಂದು ಸ್ವಯಂಚಾಲಿತ ನರವ್ಯವಸ್ಥೆಯಾದ ಸಿಂಪಥೆಟಿಕ್‌ನ ಡೀಪ್ ಪೆಟ್ರೋಸಲ್ ನರದ ಜೊತೆ ಸೇರಿ ಟೆರಿಗಾಯ್ಡ್ ಕಾಲುವೆಯಲ್ಲಿ ಸಾಗಿ, ಟೆರಿಗೋಪ್ಯಾಲಟೈನ್ ಗ್ಯಾಂಗ್ಲಿಯಾನ್ ಮುಟ್ಟುತ್ತದೆ. ಇದು ನೇತಾಡುವುದು 5ನೇ ನರದ ಎರಡನೇ ಭಾಗವಾದ ಮ್ಯಾಕ್ಸಿಲರಿಗೆ. ಅಲ್ಲಿಂದ ಮೂಗು ಮತ್ತು ಅಂಗುಳಿನ ಗ್ರಂಥಿಗಳಿಗೆ ಹೋಗುವುದು ಸೀದಾ. ಕಣ್ಣೀರಿನ ಗ್ರಂಥಿಗೆ ಮಾತ್ರ ಪುಸ್ತಕದಲ್ಲಿ ಉದ್ದ ಸುತ್ತು: ಮ್ಯಾಕ್ಸಿಲರಿ, ಅದರ ಜೈಗೋಮ್ಯಾಟಿಕ್, ಅದರ ಜೈಗೋಮ್ಯಾಟಿಕೋಟೆಂಪೊರಲ್, ಅಲ್ಲಿಂದ ಹಾರಿ 5ನೇ ನರದ ಮೊದಲನೇ ಭಾಗದ ಲ್ಯಾಕ್ರಿಮಲ್ ನರ. ಗ್ಯಾಂಗ್ಲಿಯಾನ್‌ನಿಂದ ಗ್ರಂಥಿಯ ಕಡೆಗೆ ನೇರವಾಗಿ ಹೋಗುವ ಸಣ್ಣ ಎಳೆಗಳನ್ನೂ ಅನಾಟಮಿಯವರು ಕಂಡಿದ್ದಾರೆ. ಪರೀಕ್ಷೆಗೆ ಸುತ್ತುದಾರಿಯನ್ನೇ ಬರೆಯಿರಿ.

ಕಣ್ಣಿಗೆ ಧೂಳು ಬಿದ್ದಾಗ ಏನಾಗುತ್ತದೆ ನೋಡಿ. ಧೂಳಿನ ಸುದ್ದಿ ಮೆದುಳಿಗೆ ಒಯ್ಯುವುದು 5ನೇ ನರ. ಆಜ್ಞೆ ಹೊರಡುವುದು 7ನೇ ನರದಲ್ಲಿ. ಆ ಆಜ್ಞೆಯನ್ನು ಕೊನೆಗೆ ಗ್ರಂಥಿಗೆ ಮುಟ್ಟಿಸುವುದು ಮತ್ತೆ 5ನೇ ನರದ ಕವಲು. ಕ್ಲಸ್ಟರ್ ತಲೆನೋವಿನಲ್ಲಿ ನೋವಿರುವ ಬದಿಯಲ್ಲೇ ಕಣ್ಣೀರು ಸುರಿದು ಮೂಗು ಕಟ್ಟುವುದಕ್ಕೂ 5ರಿಂದ 7ಕ್ಕೆ ದಾಟುವ ಇದೇ ಕೊಂಡಿ ಕಾರಣ.

7ನೇ ನರದ ಎರಡನೇ ದಾರಿ ಕಾರ್ಡಾ ಟಿಂಪನಿ. ನನಗೆ ತುಂಬಾ ಇಷ್ಟವಾದ ನರ ಇದು. ನಾಲಿಗೆಗೂ ದವಡೆಯ ಕೆಳಗಿನ ಗ್ರಂಥಿಗೂ ಹೋಗಬೇಕಾದದ್ದು ಮೊದಲು ಮಧ್ಯಕಿವಿಗೆ ನುಗ್ಗಿ, ಮ್ಯಾಲಿಯಸ್ ಮತ್ತು ಇಂಕಸ್ ಮೂಳೆಗಳ ನಡುವೆ ಕಿವಿತಮಟೆಯ ಒಳಬದಿಯಲ್ಲಿ ಹಾಯ್ದು, ಪೆಟ್ರೋಟಿಂಪ್ಯಾನಿಕ್ ಬಿರುಕಿನಿಂದ ಹೊರಬಂದು ಲಿಂಗುವಲ್ ನರಕ್ಕೆ ಸೇರಿಕೊಳ್ಳುತ್ತದೆ. ಲಿಂಗುವಲ್ 5ನೇ ನರದ ಮೂರನೇ ಭಾಗದ ಕವಲು. ಅದಕ್ಕೆ ನೇತಾಡುವ ಸಬ್‌ಮ್ಯಾಂಡಿಬ್ಯುಲರ್ ಗ್ಯಾಂಗ್ಲಿಯಾನ್‌ನಲ್ಲಿ ಸೈನಾಪ್ಸ್, ಆಮೇಲೆ ಸಬ್‌ಮ್ಯಾಂಡಿಬ್ಯುಲರ್ ಮತ್ತು ಸಬ್‌ಲಿಂಗುವಲ್ ಗ್ರಂಥಿಗಳು. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಯೂ ಇದೇ ನರದಲ್ಲಿ ಹಿಂದಕ್ಕೆ ಬರುತ್ತದೆ. ಮಧ್ಯಕಿವಿಯ ಸ್ಟೇಪಿಸ್ ಮೂಳೆಯ ಆಪರೇಷನ್ ಆದ ಮೇಲೆ ಕೆಲವರು ನಾಲಿಗೆಯಲ್ಲಿ ಲೋಹದ ರುಚಿ ಅನ್ನುತ್ತಾರಲ್ಲ, ಕಿವಿಯೊಳಗೆ ಈ ಎಳೆ ಎಳೆದಾಡಿಹೋಗಿರುತ್ತದೆ.

ಇಷ್ಟು ಗೊತ್ತಿದ್ದರೆ 7ನೇ ನರಕ್ಕೆ ಪೆಟ್ಟು ಎಲ್ಲಿ ಬಿದ್ದಿದೆ ಅಂತ ಕೂತಲ್ಲೇ ಲೆಕ್ಕ ಹಾಕಬಹುದು. ಮುಖದ ಸ್ನಾಯುಗಳನ್ನು ಆಡಿಸುವುದೂ ಇದೇ ನರ. ಮುಖದ ಅರ್ಧ ಬಿದ್ದಿದೆ, ಕಣ್ಣೀರೂ ಇಲ್ಲ, ರುಚಿಯೂ ಇಲ್ಲ ಅಂದರೆ ಜೆನಿಕ್ಯುಲೇಟ್‌ನಲ್ಲೋ ಅದಕ್ಕಿಂತ ಹಿಂದೆಯೋ. ಕಣ್ಣೀರಿದೆ, ರುಚಿ ಇಲ್ಲ ಅಂದರೆ ಜೆನಿಕ್ಯುಲೇಟ್ ಮತ್ತು ಕಾರ್ಡಾ ಒಡೆಯುವ ಜಾಗದ ನಡುವೆ. ಎರಡೂ ಇದ್ದು ಮುಖ ಮಾತ್ರ ಬಿದ್ದಿದ್ದರೆ ಇನ್ನೂ ಕೆಳಗೆ. ರೋಗಿಗಳಲ್ಲಿ ಇದು ಯಾವಾಗಲೂ ಇಷ್ಟು ಚೊಕ್ಕವಾಗಿ ಬರುವುದಿಲ್ಲ ಅನ್ನುವುದು ಬೇರೆ ಮಾತು. ಪೆಟ್ಟಾದ ನರ ಮತ್ತೆ ಬೆಳೆಯುವಾಗ ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆಗಳು ದಾರಿತಪ್ಪಿ ಗ್ರೇಟರ್ ಪೆಟ್ರೋಸಲ್ ಹಿಡಿದರೆ, ಊಟ ಮಾಡುವಾಗ ಆ ಬದಿಯ ಕಣ್ಣಲ್ಲಿ ನೀರು ಬರುತ್ತದೆ. ಮೊಸಳೆ ಕಣ್ಣೀರು ಅಂತಲೇ ವೈದ್ಯರೂ ಕರೆಯುತ್ತಾರೆ.

9ನೇ ನರ ಕಿವಿಯ ಮುಂದಿನ ಪರೋಟಿಡ್ ಗ್ರಂಥಿಗೆ. ಇನ್ಫೀರಿಯರ್ ಸ್ಯಾಲಿವೇಟರಿ ನ್ಯೂಕ್ಲಿಯಸ್, ಟಿಂಪ್ಯಾನಿಕ್ ನರ, ಮಧ್ಯಕಿವಿಯ ಗೋಡೆಯ ಮೇಲೆ ಹರಡಿದ ಟಿಂಪ್ಯಾನಿಕ್ ಪ್ಲೆಕ್ಸಸ್, ಲೆಸರ್ ಪೆಟ್ರೋಸಲ್, ಫೊರಾಮೆನ್ ಓವೇಲ್ ಕೆಳಗಿನ ಓಟಿಕ್ ಗ್ಯಾಂಗ್ಲಿಯಾನ್, ಕೊನೆಗೆ 5ನೇ ನರದ ಆರಿಕ್ಯುಲೋಟೆಂಪೊರಲ್ ಕವಲು. ಅಂದರೆ ಮೂರು ದೊಡ್ಡ ಜೊಲ್ಲು ಗ್ರಂಥಿಗಳ ಆಜ್ಞೆಯೂ ಮಧ್ಯಕಿವಿ ದಾಟಿಯೇ ಬರಬೇಕು. ಪುಸ್ತಕಗಳು ಇದನ್ನು ಬೇರೆಬೇರೆ ಅಧ್ಯಾಯದಲ್ಲಿ ಹೇಳುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಪರೋಟಿಡ್ ತೆಗೆದ ಮೇಲೆ ಕೆಲವರಿಗೆ ಊಟದ ಹೊತ್ತಿಗೆ ಕೆನ್ನೆ ಕೆಂಪಾಗಿ ಬೆವರುತ್ತದೆ. ಪೋಲೆಂಡಿನ ನರರೋಗ ತಜ್ಞೆ ಫ್ರೇ 1923ರಲ್ಲಿ ಇದನ್ನು ಆರಿಕ್ಯುಲೋಟೆಂಪೊರಲ್ ನರಕ್ಕೆ ಜೋಡಿಸಿದರು. ಗ್ರಂಥಿ ಕಳೆದುಕೊಂಡ ಎಳೆಗಳು ಚರ್ಮದ ಬೆವರಿನ ಗ್ರಂಥಿಗಳಿಗೆ ಬೆಳೆದುಬಿಡುತ್ತವೆ. ಬೆವರಿನ ಗ್ರಂಥಿಗೆ ಬರುವುದು ಸಿಂಪಥೆಟಿಕ್ ನರವಾದರೂ ಅದು ಸುದ್ದಿ ದಾಟಿಸಲು ಬಳಸುವ ರಾಸಾಯನಿಕ ಅಸಿಟೈಲ್‌ಕೋಲಿನ್. ಪ್ಯಾರಾಸಿಂಪಥೆಟಿಕ್ ಎಳೆಯದ್ದೂ ಅದೇ. ಹಾಗಾಗಿ ಗ್ರಂಥಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ಜಾಗದ ಚರ್ಮಕ್ಕೆ ಅಸಿಟೈಲ್‌ಕೋಲಿನ್ ತಡೆಯುವ ಬೊಟುಲಿನಂ ಇಂಜೆಕ್ಷನ್ ಕೊಟ್ಟರೆ ಕೆಲವು ತಿಂಗಳು ನಿಲ್ಲುವುದೂ ಇದಕ್ಕೇ.

ಇನ್ನು ನೆನಪಿಡುವ ಮಾತು. ನ್ಯೂಕ್ಲಿಯಸ್‌ನಿಂದ ಮುಂದಕ್ಕೆ ಬಾಯಿಪಾಠ ಮಾಡಬೇಡಿ. ಗ್ರಂಥಿಯಿಂದ ಹಿಂದಕ್ಕೆ ಬನ್ನಿ. ಖಾಲಿ ಹಾಳೆಯಲ್ಲಿ 5ನೇ ನರದ ಮೂರು ಭಾಗ ಎಳೆಯಿರಿ. ಮೊದಲನೆಯದರ ಪಕ್ಕ ಸಿಲಿಯರಿ, ಎರಡನೆಯದಕ್ಕೆ ಟೆರಿಗೋಪ್ಯಾಲಟೈನ್, ಮೂರನೆಯದಕ್ಕೆ ಓಟಿಕ್ ಮತ್ತು ಸಬ್‌ಮ್ಯಾಂಡಿಬ್ಯುಲರ್. ಆಮೇಲೆ ಪ್ರತಿ ಗ್ಯಾಂಗ್ಲಿಯಾನ್‌ಗೆ ಹಿಂದಿನಿಂದ ಯಾರು ಬರುತ್ತಾರೆ ಅಂತ ಬೇರೆ ಬಣ್ಣದಲ್ಲಿ ತೋರಿಸಿ.

ಮೂರನೇ ಬಣ್ಣ ಸಿಂಪಥೆಟಿಕ್‌ಗೆ. ಅದು ಯಾವ ಕ್ರೇನಿಯಲ್ ನರದಿಂದಲೂ ಹುಟ್ಟುವುದಿಲ್ಲ. ಎದೆಯ ಮಟ್ಟದ ಬೆನ್ನುಹುರಿಯ ಮೇಲ್ತುದಿಯಿಂದ ಹೊರಟು, ಶ್ವಾಸಕೋಶದ ನೆತ್ತಿಯ ಮೇಲೆ ಹಾಯ್ದು, ಕುತ್ತಿಗೆಯ ಸುಪೀರಿಯರ್ ಸರ್ವೈಕಲ್ ಗ್ಯಾಂಗ್ಲಿಯಾನ್‌ನಲ್ಲಿ ಸೈನಾಪ್ಸ್ ಮುಗಿಸಿ, ಕರೋಟಿಡ್ ರಕ್ತನಾಳಗಳ ಮೈಮೇಲೆ ಹಬ್ಬಿ ತಲೆಗೆ ಬರುತ್ತದೆ. ತಲೆಯ ನಾಲ್ಕು ಗ್ಯಾಂಗ್ಲಿಯಾನ್‌ಗಳಲ್ಲಿ ಎಲ್ಲೇ ಹಾಯ್ದರೂ ಅಲ್ಲಿ ಅದಕ್ಕೆ ಸೈನಾಪ್ಸ್ ಇಲ್ಲ. ದಾರಿಯಲ್ಲಿ ಎಲ್ಲಾದರೂ ತುಂಡಾದರೆ ಹಾರ್ನರ್ ಸಿಂಡ್ರೋಮ್: ಪಾಪೆ ಸಣ್ಣದು, ರೆಪ್ಪೆ ಒಂದೆರಡು ಮಿಲಿಮೀಟರ್ ಇಳಿದಿರುತ್ತದೆ, ಎಷ್ಟೋ ಸಲ ಆ ಬದಿಯ ಮುಖ ಬೆವರುವುದಿಲ್ಲ. 3ನೇ ನರ ಬಿದ್ದಾಗ ರೆಪ್ಪೆ ಪೂರ್ತಿ ಮುಚ್ಚಿಹೋಗಬಹುದು, ಪಾಪೆ ಕೆಟ್ಟರೆ ದೊಡ್ಡದಾಗುತ್ತದೆಯೇ ಹೊರತು ಸಣ್ಣದಾಗುವುದಿಲ್ಲ. ಇಳಿದ ರೆಪ್ಪೆ, ಸಣ್ಣ ಪಾಪೆ ಎರಡೂ ಒಂದೇ ಬದಿಯಲ್ಲಿ ಕಂಡರೆ ತಲೆಯ ಜೊತೆಗೆ ಎದೆಯ ಸ್ಕ್ಯಾನನ್ನೂ ಕೇಳುತ್ತಾರೆ, ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಇರಬಹುದು ಅಂತ.